ಮನೆಮಗಳ ಕೈಯ ಸೂಜಿ

ನರ್ಸಿಂಗ್ ಕಾಲೇಜಿನ ಜೀಪು ಗುಡ್ಡದ ಕೊನೆಯ ತಿರುವು ಹತ್ತಿ ಉಸ್ಸೆಂದು ನಿಂತಾಗ, ಇಳಿಯುವವರನ್ನು ನೋಡಲು ಊರಿಗೆ ಊರೇ ಬಂದು ನೆರೆದಿತ್ತು. ಮೊದಲು ಇಳಿದದ್ದು ದೊಡ್ಡ ಸಿಸ್ಟರ್. ಆಯುಷ್ಯವೆಲ್ಲ ವಾರ್ಡುಗಳಲ್ಲಿ ಓಡಾಡಿ ಈಗ ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು. ಮೈಕಿಲ್ಲದೆ ಮೂರು ಕೋಣೆಗೆ ಕೇಳುವ ದನಿ. ಆಮೇಲೆ ತಲೆ ತಗ್ಗಿಸಿಕೊಂಡು ಇಳಿದವನು ಉದ್ದನೆಯ ಹುಡುಗ, ಕ್ಲಾಸಿನವರ ಬಾಯಲ್ಲಿ ಜಿರಾಫೆ. ಅವನ ಹಿಂದೆ, ದಾರಿಯುದ್ದಕ್ಕೂ ಕುಲುಕಾಡಿದರೂ ಯೂನಿಫಾರ್ಮಿನ ಮಡಿಕೆ ಮುರಿಯದ ಹುಡುಗಿ. ಅವಳಿಗೆ ಇಸ್ತ್ರಿ ಎಂದೇ ಹೆಸರು. ಕೊನೆಗೆ ಇಳಿದವಳನ್ನು ಕಂಡದ್ದೇ ತಡ, ಗುಂಪಿನ ಮುಂದಿದ್ದ ಮುದುಕಿಯೊಬ್ಬಳು ಕೋಲೆತ್ತಿ ಕೂಗಿದಳು.

"ಅಯ್ಯೋ, ನಮ್ಮ ಅಳಿಲು ಕಣ್ರೋ! ಬಿಳಿ ಬಟ್ಟೆ ಹಾಕ್ಕೊಂಡು ಬಂದಿದೆ!"

ಕಾಲೇಜಿನಲ್ಲಿ ಇಷ್ಟು ವರ್ಷ ಜೋಪಾನವಾಗಿ ಮುಚ್ಚಿಟ್ಟಿದ್ದ ಹೆಸರು ಒಂದೇ ಕೂಗಿಗೆ ಬಯಲಾಯಿತು. ಕೂಗಿದವಳು ಅವಳ ಸ್ವಂತ ಅಜ್ಜಿ. ಅಪ್ಪ ಅಮ್ಮ ದೂರದ ಪೇಟೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದುದರಿಂದ ಹುಡುಗಿಯನ್ನು ಬೆಳೆಸಿದ್ದು ಈ ಅಜ್ಜಿಯೇ. ಚಿಕ್ಕಂದಿನಲ್ಲಿ ನೆಲದ ಮೇಲಿದ್ದುದಕ್ಕಿಂತ ಮರದ ಮೇಲಿದ್ದುದೇ ಹೆಚ್ಚಾದ್ದರಿಂದ ಆ ಹೆಸರು ಬಂದು ಅಂಟಿಕೊಂಡಿತ್ತು.

ಗುಡ್ಡದವರ ಮಾತು ಅರ್ಥವಾಗದ ಜಿರಾಫೆ, "ಏನಂದ್ರು?" ಎಂದು ಕೇಳಿದ. ಅಜ್ಜಿ ಎರಡು ಕೈ ಮೂತಿಯ ಹತ್ತಿರ ಹಿಡಿದು, ಹಲ್ಲಿಲ್ಲದ ಬಾಯಿಂದ ಕಾಯಿ ಕಡಿಯುವ ನಟನೆ ಮಾಡಿ ತೋರಿಸಿಯೇಬಿಟ್ಟಳು.

"ಅಳಿಲಾ? ಹಾಗಾದ್ರೆ ಈ ತಿಂಗಳೆಲ್ಲಾ ನಿಂದು ಅಳಿಲು ಸೇವೆ ಅನ್ನು," ಎಂದು ಜಿರಾಫೆ ನಕ್ಕ.

ಆ ಗುಡ್ಡದ ಆರೋಗ್ಯ ಕೇಂದ್ರಕ್ಕೆ ನೇಮಕವಾಗಿ ಬಂದ ನರ್ಸುಗಳು ಟ್ರಂಕಿನ ಬೀಗ ತೆಗೆಯುವ ಮೊದಲೇ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು. ಗುಡ್ಡದ ಜನರ ಮಾತು ಬೇರೆ, ಕೆಳಗಿನವರ ಮಾತು ಬೇರೆ. ಇವರಿಗೆ ಅವರ ಮೇಲೆ ನಂಬಿಕೆ ಇಲ್ಲ, ಅವರಿಗೆ ಇವರ ಮೇಲೆ ತಾಳ್ಮೆ ಇಲ್ಲ. ಕೊನೆಯ ವರ್ಷದ ಮಕ್ಕಳು ಒಂದು ತಿಂಗಳು ಇಲ್ಲೇ ಇದ್ದು, ಇವರ ನೀರು ಕುಡಿದು, ಇವರ ನಡುವೆ ಕೆಲಸ ಕಲಿಯಬೇಕೆಂದು ಕಾಲೇಜಿನವರ ತಲೆ ತಿಂದು ಒಪ್ಪಿಸಿದವರು ದೊಡ್ಡ ಸಿಸ್ಟರ್. ಆ ಗುಡ್ಡದಿಂದ ನರ್ಸಿಂಗ್ ಓದಲು ಇಳಿದುಹೋದ ಮೊದಲ ಹುಡುಗಿ ಅಳಿಲು. ತನ್ನೂರಿಗೇ ಡ್ಯೂಟಿ ಎಂದು ತಿಳಿದಾಗ ಅವಳು ಹಾಸಿಗೆಯ ಮೇಲೆ ಕುಣಿದಿದ್ದಳು. ಬಿಳಿ ಯೂನಿಫಾರ್ಮಿನಲ್ಲಿ ಕೂತಿರುವ ತಾನು, ಎದುರಿಗೆ ಭಯಭಕ್ತಿಯಿಂದ ತೋಳು ಚಾಚಿದ ಊರಿನ ಹಿರಿಯರು. ಜೀಪಿನಲ್ಲಿ ದಾರಿಯುದ್ದಕ್ಕೂ ಅವಳು ಕಂಡ ಕನಸು ಅದು.

ಮರುದಿನ ಬೆಳಿಗ್ಗೆ ಕೇಂದ್ರದ ಮುಂದಿನ ಕೋಣೆಯಲ್ಲಿ ಮೂರು ಮೇಜು ಹಾಕಿದರು. ಜಿರಾಫೆಯ ಮುಂದೆ ಸಾಲು. ಇಸ್ತ್ರಿಯ ಮುಂದೆ ಅದಕ್ಕಿಂತ ಉದ್ದದ ಸಾಲು. ಅಳಿಲಿನ ಮೇಜಿನ ಮುಂದೆ ಖಾಲಿ ಬೆಂಚು.

"ಅಜ್ಜಿ, ಬಾ, ನಿನ್ನ ಬಿ.ಪಿ. ನೋಡ್ತೀನಿ," ಎಂದು ಅವಳೇ ಕರೆದಳು.

"ನೀನಾ? ನಿನ್ನ ಮೂಗು ಒರೆಸಿದ ಕೈ ಕಣೇ ಇದು! ಇದನ್ನ ನಿನ್ನ ಕೈಗೆ ಕೊಟ್ಟು ಏನಾಗಿದೆ ಅಂತ ಕೇಳ್ಲಾ? ಸುಮ್ನಿರು." ಅಜ್ಜಿ ಹೋಗಿ ಇಸ್ತ್ರಿಯ ಸಾಲಿನಲ್ಲಿ ನಿಂತಳು.

ಪಕ್ಕದ ಮನೆಯ ಮೇಕೆ ಮೇಯಿಸುವ ಮುದುಕ ಅಷ್ಟು ಮೆತ್ತಗೂ ಹೇಳಲಿಲ್ಲ. "ನಮ್ಮ ಸೀಬೆಮರ ಬೋಳು ಮಾಡಿದವಳು ನೀನು. ನಿನ್ನ ಕೈಗೆ ಸೂಜಿ ಕೊಟ್ಟವರು ಯಾರು?"

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ ಇರಬೇಕು. ಆದರೆ ಹಿತ್ತಲ ಗಿಡ ಮಾತಾಡಬಲ್ಲದು ಎಂಬುದು ಬೇಗ ಎಲ್ಲರಿಗೂ ಗೊತ್ತಾಯಿತು. ಜಿರಾಫೆಗೂ ಇಸ್ತ್ರಿಗೂ ಗುಡ್ಡದ ಮಾತು ಒಂದಕ್ಷರ ಬಾರದು. "ಅಳಿಲು, ಇವರಿಗೆ ಎಲ್ಲಿ ನೋವು ಕೇಳು," "ಅಳಿಲು, ಮಾತ್ರೆ ಊಟ ಆದ್ಮೇಲೆ ಅಂತ ಹೇಳು." ಅವಳು ಆ ಮೇಜಿನಿಂದ ಈ ಮೇಜಿಗೆ ನಿಜವಾದ ಅಳಿಲಿನ ಹಾಗೆಯೇ ಓಡಾಡಿದಳು. ಬೇಜಾರಿಗೋ ತಮಾಷೆಗೋ, ನಡುನಡುವೆ ತನ್ನದೂ ಒಂದಿಷ್ಟು ಸೇರಿಸುತ್ತಿದ್ದಳು. ಇಸ್ತ್ರಿ ಪುಸ್ತಕದ ಧಾಟಿಯಲ್ಲಿ, "ಔಷಧಿ ತಪ್ಪಿಸಿದರೆ ತೊಂದರೆಯಾಗುತ್ತದೆ ಎಂದು ತಿಳಿಸು," ಎಂದರೆ, ಅಳಿಲು ಹೇಳಿದ್ದು ಕೇಳಿ ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ದೊಡ್ಡ ಸಿಸ್ಟರ್ ಕನ್ನಡಕದ ಮೇಲಿಂದ ನೋಡಿದರು. "ಅವಳು ಹೇಳಿದ್ದು ಒಂದು ವಾಕ್ಯ. ನೀನು ಹೇಳಿದ್ದು ಒಂದು ಪುರಾಣ. ನಡುವೆ ನನ್ನ ಹೆಸರೂ ಬಂದ ಹಾಗಿತ್ತು?"

"ಅದು... ಮಾತ್ರೆ ತಪ್ಪಿಸಿದ್ರೆ ನೀವೇ ಮನೆಗೆ ಬಂದು ನುಂಗಿಸ್ತೀರಾ ಅಂದೆ, ಸಿಸ್ಟರ್."

ಹೀಗೇ ನಾಲ್ಕಾರು ದಿನ ಕಳೆಯಿತು. ಒಂದು ಸಂಜೆ, ಸಿರಿಂಜಿನ ಟ್ರೇ ತೊಳೆಯುತ್ತಿದ್ದ ಸಿಸ್ಟರ್ ಹತ್ತಿರ ಬಂದು ಅಳಿಲು ನಿಂತಳು. ಮುಖ ಗಂಟಿಕ್ಕಿತ್ತು.

"ಸಿಸ್ಟರ್, ಒಂದು ಮಾತು. ಇಲ್ಲಿ ನಾನು ನರ್ಸಾ, ಮೈಕಾ? ಜಿರಾಫೆ ಎಷ್ಟು ಗಾಯಕ್ಕೆ ಪಟ್ಟಿ ಕಟ್ಟಿದ! ಇಸ್ತ್ರಿ ಎಷ್ಟು ಜನ ಬಸುರಿಯರನ್ನ ನೋಡಿದ್ಲು! ನಾನು ಬಂದಾಗಿಂದ ಒಂದು ಸೂಜಿ ಹಿಡಿದಿಲ್ಲ. ನನ್ನೂರಲ್ಲೇ ನಾನು ಲೆಕ್ಕಕ್ಕುಂಟು ಆಟಕ್ಕಿಲ್ಲ."

ಸಿಸ್ಟರ್ ಕೈ ಒರೆಸಿಕೊಂಡರು. ಟ್ರೇಯನ್ನು ಪಕ್ಕಕ್ಕಿಟ್ಟರು. "ತಪ್ಪು ನಂದೇ," ಎಂದರು ಆಮೇಲೆ. "ಸುಲಭವಾಗಿ ಸಿಕ್ತು ಅಂತ ನಿನ್ನ ನಾಲಿಗೆ ಬಳಸಿಕೊಂಡೆ. ನಾಳೆಯಿಂದ ನಿನ್ನ ಬಾಯಿಗೆ ರಜೆ, ಕೈಗೆ ಡ್ಯೂಟಿ. ಆ ಇಬ್ಬರಿಗೂ ನಾಲಿಗೆ ಡ್ಯೂಟಿ. ಜನ ನಿನ್ನ ಮೇಜಿಗೆ ಬರಲ್ಲ ಅಂದ್ರೆ ನೀನು ಅವರ ಅಂಗಳಕ್ಕೆ ಹೋಗು."

ಮರುದಿನದಿಂದ ಕೇಂದ್ರದಲ್ಲಿ ನಗೆಹಬ್ಬ. ಜಿರಾಫೆ ಗುಡ್ಡದ ಮಾತು ಕಲಿಯಲು ಊರಿನ ಮಕ್ಕಳನ್ನೆಲ್ಲ ಗುರುಗಳನ್ನಾಗಿ ಮಾಡಿಕೊಂಡ. ಗುಡ್ಡದ ಮಾತಿನಲ್ಲಿ ಉಸಿರಿಗೂ ಮೇಕೆಗೂ ಇರುವುದು ಒಂದೆಳೆಯಷ್ಟು ವ್ಯತ್ಯಾಸ. ಎಳೆದರೆ ಉಸಿರು, ಮೊಟಕಿದರೆ ಮೇಕೆ. ಸೀಬೆಮರದ ಮುದುಕನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಜಿರಾಫೆ ಗಂಭೀರವಾಗಿ, "ಮೇಕೆ ಬಿಡಿ," ಎಂದ. ಮುದುಕ ಅವನ ಮುಖ ನೋಡಿದ, ಎದ್ದ, ಹೊರಗೆ ಹೋದ, ಕಟ್ಟಿದ್ದ ಮೇಕೆಯ ಹಗ್ಗ ಬಿಚ್ಚಿ ವಾಪಸು ಬಂದು ಕೂತ. "ಬಿಟ್ಟೆ. ಈಗ?" ಆ ಮೇಕೆ ಹಿಂದಿನ ಬಾಗಿಲಿಂದ ನುಗ್ಗಿ ಒಂದು ಉಂಡೆ ಹತ್ತಿಯನ್ನೂ, ತಂತಿಯ ಮೇಲೆ ಒಣಗುತ್ತಿದ್ದ ಇಸ್ತ್ರಿಯ ಏಪ್ರನ್ನಿನ ಒಂದು ತುದಿಯನ್ನೂ ರುಚಿ ನೋಡಿತು. ಇಸ್ತ್ರಿ ಬಾಯಿಗೆ ಬಂದದ್ದನ್ನೆಲ್ಲ ಹೇಳಿ ಅಟ್ಟಿಸಿಕೊಂಡು ಹೋದಳು. ಅಚ್ಚರಿಯೆಂದರೆ ಅವಳು ಬೈದದ್ದು ಗುಡ್ಡದ ಮಾತಿನಲ್ಲಿ, ಅದೂ ಒಂದು ತಪ್ಪಿಲ್ಲದೆ.

ಅಳಿಲು ಚೀಲ ಹೆಗಲಿಗೇರಿಸಿ ಮನೆಮನೆಗೆ ಹೊರಟಳು. ಕೆಲವರು ಕೂಸಿನ ಕಿವಿ ತೋರಿಸಿದರು, ಕೆಲವರು ಚಹಾ ಕುಡಿಸಿ ಕಳಿಸಿದರು. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ತನ್ನದೇ ಮನೆಯ ಹಿತ್ತಲಿಗೆ ಬಂದರೆ, ಚಿಕ್ಕಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬೆರಳಿಗೆ ಸೋಪು ಉಜ್ಜುತ್ತಿದ್ದಳು. ಚಿಕ್ಕಪ್ಪನ ಹೆಂಡತಿ, ವಯಸ್ಸಿನಲ್ಲಿ ಅಳಿಲಿಗಿಂತ ಸ್ವಲ್ಪವೇ ದೊಡ್ಡವಳು, ಗೆಳತಿಯ ಹಾಗೆ. ಎರಡನೆಯ ಹೆರಿಗೆಗೆ ದಿನ ಹತ್ತಿರವಾಗಿತ್ತು.

"ಇದೇನೇ ಚಿಕ್ಕಮ್ಮ, ಬಟ್ಟೆ ಬಿಟ್ಟು ಬೆರಳು ಒಗೀತಿದೀಯಾ?"

"ಉಂಗುರ ಬರ್ತಿಲ್ಲ ಕಣೇ. ನಿನ್ನ ಚಿಕ್ಕಪ್ಪ ಜನ್ಮದಲ್ಲಿ ಕೊಟ್ಟಿದ್ದು ಇದೊಂದೇ. ಈಗ ಇದೂ ಅವರ ಹಾಗೆ ಹಿಡಿದ ಪಟ್ಟು ಬಿಡ್ತಿಲ್ಲ."

ಅಳಿಲು ನಕ್ಕಳು. ನಗುತ್ತಲೇ ಚಿಕ್ಕಮ್ಮನ ಕಾಲು ನೋಡಿದಳು. ಚಿಕ್ಕಪ್ಪನ ಚಪ್ಪಲಿ ಹಾಕಿಕೊಂಡಿದ್ದಳು, ಅದೂ ಬಿಗಿಯಾಗಿತ್ತು. ಮೊಣಕಾಲ ಕೆಳಗೆ ಬೆರಳೊತ್ತಿ ತೆಗೆದರೆ ಗುಳಿ ಹಾಗೇ ಉಳಿಯಿತು.

"ಬಸುರಿ ಅಂದ್ಮೇಲೆ ಊದ್ಕೊಳ್ಳಲ್ವಾ?" ಎಂದಳು ಅಜ್ಜಿ ಬಾಗಿಲಿಂದಲೇ.

"ತಲೆನೋವಿದೆಯಾ, ಚಿಕ್ಕಮ್ಮ?"

"ಯಾರೋ ತಲೆ ಒಳಗೆ ಕೂತು ಸೌದೆ ಒಡೀತಿದ್ದಾರೆ. ಇನ್ನೊಂದು ತಮಾಷೆ ಗೊತ್ತಾ? ಹಾಡಹಗಲೇ ಕಣ್ಮುಂದೆ ಮಿಂಚುಹುಳ ಹಾರುತ್ತೆ."

"ಇದನ್ನ ಕೇಂದ್ರದಲ್ಲಿ ಹೇಳ್ಲಿಲ್ವಾ?"

"ನಿನ್ನೆ ಬೀದಿಯಲ್ಲಿ ಸಿಕ್ಕಿ ಆ ಇಸ್ತ್ರಿ ಹುಡುಗಿ ಆರಾಮಾ ಅಂತ ಕೇಳಿದ್ಲು. ಪಾಪ, ಅಷ್ಟು ಕಷ್ಟಪಟ್ಟು ನಮ್ಮ ಮಾತಲ್ಲಿ ಕೇಳಿದ್ಲಲ್ಲ, ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ. ಆರಾಮ ಅಂದೆ."

ಅಳಿಲಿನ ನಗು ಅಲ್ಲಿಗೇ ನಿಂತಿತು. ತರಗತಿಯಲ್ಲಿ ಉರು ಹೊಡೆದ ಸಾಲುಗಳು ಒಂದೊಂದಾಗಿ ನೆನಪಿಗೆ ಬಂದವು. ಊತ, ತಲೆನೋವು, ಕಣ್ಣಿಗೆ ಮಿಂಚು. ಅಲ್ಲಿ ಅವು ಪರೀಕ್ಷೆಗೆ ಬರುವ ಪ್ರಶ್ನೆಯಾಗಿದ್ದವು. ಇಲ್ಲಿ ಸೋಪಿನ ನೊರೆ ಮೆತ್ತಿಕೊಂಡು ಹಿತ್ತಲಲ್ಲಿ ಕೂತು ನಗುತ್ತಿದ್ದವು.

"ಕೈ ಕೊಡು."

"ಶುರುವಾಯ್ತು ಇವಳ ಡಾಕ್ಟರಾಟ. ಚಿಕ್ಕವಳಿದ್ದಾಗ ಬೆಕ್ಕಿಗೆ ಬ್ಯಾಂಡೇಜು ಸುತ್ತಿದ್ಲು," ಎಂದಳು ಅಜ್ಜಿ.

"ಅಜ್ಜಿ, ಸ್ವಲ್ಪ ಹೊತ್ತು ಸುಮ್ನಿರ್ತೀಯಾ!"

ಆ ದನಿಯನ್ನು ಅಜ್ಜಿ ಮೊಮ್ಮಗಳ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ. ಸುಮ್ಮನಾದಳು. ಬಿ.ಪಿ. ಎಷ್ಟಿರಬಾರದೋ ಅಷ್ಟಿತ್ತು. ತಾನೇ ತಪ್ಪಿರಬೇಕೆಂದು ಇನ್ನೊಂದು ತೋಳಿಗೆ ಕಟ್ಟಿ ನೋಡಿದಳು, ಅಷ್ಟೇ. ಚಿಕ್ಕಮ್ಮನನ್ನು ಎಡಮಗ್ಗುಲಿಗೆ ಮಲಗಿಸಿ, "ಎದ್ರೆ ನನ್ನಾಣೆ," ಎಂದವಳೇ ಕೇಂದ್ರದ ಕಡೆ ಓಡಿದಳು. ಬೇಲಿ ಸುತ್ತಿ ಹೋಗುವ ದಾರಿ ಬಿಟ್ಟು ಬೇಲಿ ಹಾರಿದಳು.

ದೊಡ್ಡ ಸಿಸ್ಟರ್ ಬಂದು ನೋಡಿದರು. ಮೂತ್ರದಲ್ಲಿ ಅದ್ದಿದ ಪಟ್ಟಿ ಹಸಿರಾಯಿತು, ಪ್ರೋಟೀನ್ ಸೋರುತ್ತಿದೆ ಎಂಬುದಕ್ಕೆ ಗುರುತು. ದೊಡ್ಡಾಸ್ಪತ್ರೆಯ ಡಾಕ್ಟರಿಗೆ ಫೋನು ಹೋಯಿತು. ಫಿಟ್ಸ್ ಬರದ ಹಾಗೆ ಮೊದಲು ಇಂಜೆಕ್ಷನ್ ಕೊಡಿ, ಕೂಡಲೇ ಕರೆತನ್ನಿ ಎಂದರು ಅವರು.

"ನಾನು ಬರಲ್ಲ," ಎಂದಳು ಚಿಕ್ಕಮ್ಮ.

ಚಿಕ್ಕಪ್ಪ ಗೋಗರೆದ. ಅಜ್ಜಿ ಬೈದಳು. ಚಿಕ್ಕಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಸಿಸ್ಟರ್ ಅಳಿಲಿನ ಕಡೆ ನೋಡಿ, "ನಿನ್ನ ಬಾಯಿಯ ರಜೆ ಮುಗೀತು. ಯಾಕೆ ಅಂತ ಕೇಳು. ಅವರು ಹೇಳಿದ್ದಷ್ಟೇ ಹೇಳು, ಸೇರಿಸ್ಬೇಡ, ಬಿಡ್ಬೇಡ," ಎಂದರು.

ಚಿಕ್ಕಮ್ಮ ಹೇಳಿದಳು, ಅಳಿಲು ಹೇಳಿದಂತೆಯೇ ದಾಟಿಸಿದಳು. ಮೊದಲ ಹೆರಿಗೆಯಾದದ್ದು ಆ ದೊಡ್ಡಾಸ್ಪತ್ರೆಯಲ್ಲೇ. ಅತ್ತೆಯನ್ನೂ ಗಂಡನನ್ನೂ ಬಾಗಿಲ ಹೊರಗೆ ನಿಲ್ಲಿಸಿದರು. ಒಳಗೆ ಎಲ್ಲರೂ ಜೋರು ಜೋರಾಗಿ ಏನೋ ಹೇಳುತ್ತಿದ್ದರು. ಬೈಯುತ್ತಿದ್ದಾರೋ ಕೇಳುತ್ತಿದ್ದಾರೋ ತಿಳಿಯಲಿಲ್ಲ. ಬಾಯಾರಿದೆ ಎಂದರೆ ಬೆಡ್‌ಪ್ಯಾನ್ ತಂದಿಟ್ಟರು. ಕೈಯಲ್ಲಿ ಕತ್ತರಿ ಹಿಡಿದು ಬಂದವರು ಏನು ಕತ್ತರಿಸುತ್ತಾರೆಂದು ಯಾರೂ ಹೇಳಲಿಲ್ಲ. "ಮಗು ಚೆನ್ನಾಗಿ ಹುಟ್ತು. ಅವರು ಕೆಟ್ಟವರಲ್ಲ. ಆದ್ರೆ ನಾನು ಅಲ್ಲಿ ಒಂದು ಗಂಟು ಮೂಟೆ ಇದ್ದ ಹಾಗಿದ್ದೆ. ಎತ್ತಿದ್ರು, ಇಳಿಸಿದ್ರು."

ಸಿಸ್ಟರ್ ಮಂಚದ ತುದಿಯಲ್ಲಿ ಕೂತರು. "ಆ ವಾರ್ಡಲ್ಲಿರೋ ಅರ್ಧ ಜನಕ್ಕೆ ಪಾಠ ಹೇಳಿದವಳು ನಾನು," ಎಂದರು. ಮೈಕು ಬೇಡದ ಆ ದನಿ ಆಗ ಪಕ್ಕದವರಿಗೂ ಸರಿಯಾಗಿ ಕೇಳಲಿಲ್ಲ. ಮತ್ತೆ ನೆಟ್ಟಗಾಗಿ, "ಅಳಿಲು ಜೊತೆಗಿರ್ತಾಳೆ. ಬಾಗಿಲ ತನಕ ಅಲ್ಲ, ಒಳಗೇ. ಮಗು ಹುಟ್ಟೋ ತನಕ, ಹುಟ್ಟಿದ ಮೇಲೂ. ಇದು ನನ್ನ ಮಾತು ಅಂತ ಹೇಳು."

ಚಿಕ್ಕಮ್ಮ ಗೋಡೆ ಬಿಟ್ಟು ಈ ಕಡೆ ತಿರುಗಿದಳು. "ಇವಳಿದ್ರೆ ಬರ್ತೀನಿ."

ಇಂಜೆಕ್ಷನ್ ಸಿದ್ಧವಾಯಿತು. ಸೊಂಟದ ಕೆಳಗೆ ಎರಡೂ ಕಡೆ, ದಪ್ಪ ಸೂಜಿ, ಬೆಂಕಿಯ ಹಾಗೆ ಉರಿಯುವ ಔಷಧಿ. ಸಿಸ್ಟರ್ ಸಿರಿಂಜು ಎತ್ತಿಕೊಂಡಾಗ ಚಿಕ್ಕಮ್ಮ ತಡೆದಳು.

"ಚುಚ್ಚೋದಾದ್ರೆ ಅಳಿಲೇ ಚುಚ್ಚಲಿ. ಇವಳಾದ್ರೆ ಬಾಯಿ ತುಂಬಾ ಬೈಬಹುದು. ನಿಮ್ಮನ್ನ ಬೈಯೋಕಾಗುತ್ತಾ?"

ಊರಿಗೆ ಬಂದಾಗಿನಿಂದ ಅಳಿಲಿನ ಕೈಗೆ ಬಂದ ಮೊದಲ ಸೂಜಿ ಅದು. ಅವಳ ಬೆನ್ನ ಹಿಂದೆ ಸಿಸ್ಟರ್, ಎದುರಿಗೆ ಅಜ್ಜಿ, ಕಿಟಕಿಯಲ್ಲಿ ಅರ್ಧ ಊರು. ಅಜ್ಜಿ ಹೋಗಿ ಕಿಟಕಿ ಮುಚ್ಚಿದಳು. ಅಳಿಲು ಜಾಗ ಗುರುತಿಸಿ, ಒರೆಸಿ, ನೆಟ್ಟಗೆ ಚುಚ್ಚಿ, ಅವಸರ ಮಾಡದೆ ನಿಧಾನಕ್ಕೆ ಔಷಧಿ ತಳ್ಳಿದಳು. ಚಿಕ್ಕಮ್ಮ ಅಳಿಲಿನ ಹುಟ್ಟು, ಹಲ್ಲು, ಜಡೆ, ಮುಂದೆ ಸಿಗಬಹುದಾದ ಗಂಡ, ಆ ಗಂಡನ ವಂಶ ಯಾವುದನ್ನೂ ಬಿಡದೆ ಬೈದಳು. ಬಾಗಿಲಾಚೆ ನಿಂತಿದ್ದ ಜಿರಾಫೆ ಕಿವಿಗೊಟ್ಟು ಕೇಳಿ, "ಈ ಪದಗಳನ್ನ ನನಗೆ ಯಾರೂ ಕಲಿಸಲಿಲ್ಲ," ಎಂದು ಇಸ್ತ್ರಿಗೆ ಹೇಳಿದ.

"ಮುಗೀತು, ಚಿಕ್ಕಮ್ಮ."

"ಮುಗೀತಾ? ಇನ್ನೂ ಸ್ವಲ್ಪ ಬೈಗುಳ ಉಳಿದಿತ್ತು."

ಅಜ್ಜಿ ಮೊಮ್ಮಗಳ ಕೈಯನ್ನು ಹಿಡಿದು ಮೇಲೆ ಕೆಳಗೆ ತಿರುಗಿಸಿ ನೋಡಿದಳು. "ನಡುಗ್ಲೇ ಇಲ್ವಲ್ಲೇ," ಎಂದಳಷ್ಟೇ.

ಜಿರಾಫೆಯನ್ನೂ ಇಸ್ತ್ರಿಯನ್ನೂ ಕೇಂದ್ರ ನೋಡಿಕೊಳ್ಳಲು ಬಿಟ್ಟು ಜೀಪು ಇಳಿಯಿತು. ಒಳಗೆ ಚಿಕ್ಕಮ್ಮ, ಚಿಕ್ಕಪ್ಪ, ಸಿಸ್ಟರ್, ಅಳಿಲು. ಎಲ್ಲರಿಗಿಂತ ಮೊದಲು ಹತ್ತಿ ಕೂತಿದ್ದ ಅಜ್ಜಿಯನ್ನು ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

ದೊಡ್ಡಾಸ್ಪತ್ರೆಯ ಹೆರಿಗೆ ಕೋಣೆಯ ಬಾಗಿಲಲ್ಲಿ ಚುರುಕಾದ ನರ್ಸೊಬ್ಬಳು ಕೈ ಅಡ್ಡ ಹಿಡಿದಳು. "ಪೇಷಂಟ್ ಮಾತ್ರ ಒಳಗೆ. ಮನೆಯವರೆಲ್ಲಾ ಹೊರಗೆ." ಅಷ್ಟರಲ್ಲಿ ಹಿಂದಿದ್ದ ದೊಡ್ಡ ಸಿಸ್ಟರನ್ನು ಕಂಡು ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು. "ಮೇಡಂ! ನೀವಾ?"

"ನಾನೇ. ಇವಳು ಮನೆಯವಳಲ್ಲ, ನನ್ನ ವಿದ್ಯಾರ್ಥಿನಿ. ಇವಳ ಡ್ಯೂಟಿ ಒಳಗೆ."

ನರ್ಸು ಒಪ್ಪಿ ಪಕ್ಕಕ್ಕೆ ಸರಿದಳು. ಅಳಿಲಿನ ಬೆನ್ನಿಗೇ ಕೋಲೂರಿಕೊಂಡು ಅಜ್ಜಿಯೂ ಒಳಗೆ ಕಾಲಿಟ್ಟಳು.

"ಮೇಡಂ, ಇವರೂ ವಿದ್ಯಾರ್ಥಿನೀನಾ?"

ಸಿಸ್ಟರ್ ಮುಖದ ಒಂದು ಗೆರೆಯೂ ಅಲುಗಲಿಲ್ಲ. "ಲೇಟ್ ಅಡ್ಮಿಷನ್."

ಮುಂದೆ ನಡೆದದ್ದನ್ನೆಲ್ಲ ಅಳಿಲು ನಡೆಯುವ ಮೊದಲೇ ಚಿಕ್ಕಮ್ಮನಿಗೆ ಹೇಳುತ್ತ ಹೋದಳು. ಈಗ ಕೈಗೆ ಸಣ್ಣ ಸೂಜಿ, ಗ್ಲೂಕೋಸಿಗೆ. ಇದು ಮಗುವಿನ ಎದೆಬಡಿತ ಕೇಳೋ ಬೆಲ್ಟು, ತಣ್ಣಗಿರುತ್ತೆ. ಈಗ ಡಾಕ್ಟರು ಒಳಗೆ ಕೈ ಹಾಕಿ ನೋಡ್ತಾರೆ, ಬೇಡ ಅಂದ್ರೆ ಹೇಳು, ನಿಲ್ಲಿಸ್ತಾರೆ. ಬಾಯಾರಿತು ಎಂದಾಗ ನೀರೇ ಬಂತು. ಅಜ್ಜಿ ತಲೆದೆಸೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು ಸೊಸೆಯ ಹಣೆ ಸವರುತ್ತಿದ್ದಳು. ಬರುಬರುತ್ತ ಆ ಚುರುಕು ನರ್ಸೇ ಅಳಿಲಿನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು.

"ಉಸಿರು ಬಿಡಿ ಅನ್ನೋಕೆ ನಿಮ್ಮ ಮಾತಲ್ಲಿ ಏನಂತಾರೆ?"

ಅಳಿಲು ಬಹಳ ಎಚ್ಚರಿಕೆಯಿಂದ, ಮೇಕೆಯ ಹತ್ತಿರ ಸುಳಿಯದ ಹಾಗೆ ಎಳೆದೆಳೆದು ಹೇಳಿಕೊಟ್ಟಳು. ನರ್ಸು ಮೊದಲ ಸಲಕ್ಕೇ ಸರಿಯಾಗಿ ಹೇಳಿದಳು. ನೋವಿನ ನಡುವೆ ಚಿಕ್ಕಮ್ಮ ಕಣ್ಣು ತೆರೆದು ಅವಳನ್ನು ನೋಡಿದಳು. ಆಮೇಲೆ ಅವಳ ಕೈಯನ್ನೂ ಹಿಡಿದುಕೊಂಡಳು.

ಮರುದಿನ ಮಧ್ಯಾಹ್ನ ಮಗು ಹುಟ್ಟಿತು. ಹೆಣ್ಣು. ಮುಷ್ಟಿಯಷ್ಟು ಮುಖ, ಕಟ್ಟಡದಷ್ಟು ಕೂಗು. ಹೊರಗೆ ಉಗುರು ಕಚ್ಚುತ್ತ ನಿಂತಿದ್ದ ಚಿಕ್ಕಪ್ಪನಿಗೆ ಬಾಗಿಲು ತೆರೆಯುವ ಮೊದಲೇ ಸುದ್ದಿ ಮುಟ್ಟಿತು. ಚಿಕ್ಕಮ್ಮನ ಬಿ.ಪಿ. ಇಳಿಯಲು ಕೆಲವು ದಿನ ಹಿಡಿಯಿತು. ಅಷ್ಟೂ ದಿನ ಅಳಿಲು ಆ ವಾರ್ಡಿನಲ್ಲೇ ಡ್ಯೂಟಿ ಮಾಡಿದಳು. ಗುಡ್ಡದಿಂದ ಬಂದಿದ್ದ ಬೇರೆ ಇಬ್ಬರು ಬಾಣಂತಿಯರು, ಅಲ್ಲಿಯವರೆಗೆ ತುಟಿ ಬಿಚ್ಚದವರು, ಅವಳನ್ನು ಕಂಡು ಒಂದೇ ಸಮನೆ ಮಾತಾಡತೊಡಗಿದರು.

ಗುಡ್ಡಕ್ಕೆ ಮರಳಿದಾಗ ಸುದ್ದಿ ಅವಳಿಗಿಂತ ಮುಂಚೆ ಹತ್ತಿತ್ತು. ಅಳಿಲಿನ ಮೇಜಿನ ಮುಂದೆ ಜಗಲಿ ದಾಟಿ ಅಂಗಳದವರೆಗೆ ಸಾಲು. ಸೀಬೆಮರದ ಮುದುಕ ಎಲ್ಲರಿಗಿಂತ ಮುಂದೆ ಬಂದು ತೋಳು ಚಾಚಿ, "ಮರ ಇನ್ನೂ ಇದೆ, ಬೇಕಾದಾಗ ಹತ್ತು," ಎಂದ. ಜಿರಾಫೆ ತನ್ನ ಖಾಲಿ ಬೆಂಚು ನೋಡಿಕೊಂಡು ನಿಟ್ಟುಸಿರಿಟ್ಟ. ಅಜ್ಜಿ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಕೋಲಿನಿಂದ ಸಾಲು ನೆಟ್ಟಗೆ ಮಾಡುತ್ತ, "ನೂಕಬೇಡ್ರೋ, ನಮ್ಮ ಹುಡುಗಿ ಎಲ್ಲರನ್ನೂ ನೋಡ್ತಾಳೆ," ಎನ್ನುತ್ತಿದ್ದಳು. ತನ್ನ ಬಿ.ಪಿ.ಯನ್ನು ಮಾತ್ರ ಎಲ್ಲರೂ ಹೋದ ಮೇಲೆ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನೋಡಿಸಿಕೊಂಡಳು.

ತಿಂಗಳು ಮುಗಿಯಿತು. ಪರೀಕ್ಷೆಯೂ ಆಯಿತು. ಅಳಿಲು ಗುಡ್ಡದ ಕೇಂದ್ರಕ್ಕೇ ಅರ್ಜಿ ಹಾಕಿದಳು. ಯಾರೂ ಕೇಳದ ಜಾಗವಾದ್ದರಿಂದ ಕೂಡಲೇ ಸಿಕ್ಕಿತು. ಇಸ್ತ್ರಿಯೂ ಅದೇ ಜಾಗ ಕೇಳಿದಳೆಂದು ತಿಳಿದಾಗ ಅಳಿಲಿಗೇ ನಂಬಲಾಗಲಿಲ್ಲ. "ಆ ಊರಲ್ಲಿ ಬೈಯೋಕೆ ಕಲಿತುಬಿಟ್ಟೆ. ಬೇರೆ ಕಡೆ ಹೋಗಿ ಏನ್ಮಾಡ್ಲಿ?" ಎಂದಳು ಇಸ್ತ್ರಿ.

ಆದರೆ ದೊಡ್ಡ ಸಿಸ್ಟರಿಗೆ ಇಷ್ಟೇ ಸಾಲಲಿಲ್ಲ. ಹೊಸ ವರ್ಷದ ತರಗತಿಗಳು ಶುರುವಾದಾಗ ಅವರು ಜೀಪು ಕಳಿಸಿ ಚಿಕ್ಕಮ್ಮನನ್ನು ಕಾಲೇಜಿಗೆ ಕರೆಸಿದರು. ಪ್ರಾಯೋಗಿಕ ಕೋಣೆಯ ಮಂಚದ ಮೇಲೆ ಯಾವಾಗಲೂ ಮಲಗಿರುತ್ತಿದ್ದ ಪ್ಲಾಸ್ಟಿಕ್ ಬೊಂಬೆಯನ್ನು ಮೂಲೆಗೆ ಸರಿಸಿ, ಆ ಜಾಗದಲ್ಲಿ ರೋಗಿಯ ಪಾತ್ರಕ್ಕೆ ಚಿಕ್ಕಮ್ಮನನ್ನು ಮಲಗಿಸಿದರು. ಎದೆಯ ಮೇಲೆ 'ಅತಿಥಿ ಉಪನ್ಯಾಸಕಿ' ಎಂಬ ಬಿಲ್ಲೆ. ಮಗುವನ್ನು ಎತ್ತಿಕೊಂಡು ಅಳಿಲು ಕಿಟಕಿಯ ಹತ್ತಿರ ನಿಂತಳು. ಗೋಡೆಗೆ ಒರಗಿ ಇಡೀ ತರಗತಿ.

ಮೊದಲು ಬಂದ ಹುಡುಗಿ ಮಂಚದ ಪಕ್ಕ ನಿಂತು, "ಏನಮ್ಮಾ, ಏನಾಗ್ತಿದೆ?" ಎಂದಳು. ಚಿಕ್ಕಮ್ಮ ಮಿಕಮಿಕ ನೋಡಿದಳು. ಹುಡುಗಿ ಅದನ್ನೇ ಇನ್ನೂ ಜೋರಾಗಿ ಹೇಳಿದಳು. ಚಿಕ್ಕಮ್ಮ ಹೊದಿಕೆ ತಲೆಯ ಮೇಲೆ ಎಳೆದುಕೊಂಡಳು.

"ಅವರ ಕಿವಿ ಚೆನ್ನಾಗೇ ಇದೆ," ಎಂದರು ಸಿಸ್ಟರ್. "ಮುಂದಿನವರು."

ಎರಡನೆಯವನು ಮಾತಿಲ್ಲದೆ ನೇರವಾಗಿ ತೋಳಿಗೆ ಕೈ ಹಾಕಿದ. ಚಿಕ್ಕಮ್ಮ ಅವನ ಕೈಗೆ ಚಟ್ಟನೆ ಹೊಡೆದಳು. ತರಗತಿ ಗೊಳ್ಳೆಂದಿತು. ಅಭಿನಯದಲ್ಲಿ ಅವಳ ಕೈ ಇಷ್ಟೊಂದು ಪಳಗಿದೆ ಎಂದು ಅಳಿಲಿಗೂ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡಳು, ನರಳಿದಳು, ಬಾಯಾರಿದೆ ಎಂದು ಗುಡ್ಡದ ಮಾತಿನಲ್ಲಿ ಹಲುಬಿದಳು. ಒಬ್ಬರಾದ ಮೇಲೊಬ್ಬರು ಬೆವರಿ ಹಿಂದೆ ಸರಿದರು.

ಆಮೇಲೆ ಬಂದವಳು ತರಗತಿಯಲ್ಲಿ ಬಾಯಿ ಬಿಡದ ಮುದುಡಿದ ಹುಡುಗಿ. ಸ್ಟೂಲು ಎಳೆದುಕೊಂಡು ಚಿಕ್ಕಮ್ಮನ ಕಣ್ಣಿನ ಮಟ್ಟಕ್ಕೆ ಕೂತಳು. ತನ್ನ ಎದೆ ಮುಟ್ಟಿಕೊಂಡು ತನ್ನ ಹೆಸರು ಹೇಳಿದಳು. ಲೋಟ ಎತ್ತಿ ಹುಬ್ಬಿನಲ್ಲೇ ಕೇಳಿದಳು. ಚಿಕ್ಕಮ್ಮ ನೀರು ಕುಡಿದು, ಸ್ವಲ್ಪ ಯೋಚಿಸಿ, ತಾನಾಗಿಯೇ ತೋಳು ಮುಂದೆ ಚಾಚಿದಳು.

ಅಷ್ಟರಲ್ಲಿ ಮಗು ಕಟ್ಟಡ ಅಲುಗುವಂತೆ ಅತ್ತಿತು. ಕ್ಷಣದ ಹಿಂದೆ ಪ್ರಾಣ ಹೋಗುವ ಹಾಗೆ ನರಳುತ್ತಿದ್ದ ರೋಗಿ ಎದ್ದು ಕೂತು, ಅಳಿಲಿನ ಕೈಯಿಂದ ಮಗುವನ್ನು ಇಸಕೊಂಡು, ಸೆರಗು ಸರಿಮಾಡಿಕೊಂಡು ಹಾಲಿಗೆ ಹಿಡಿದಳು. ಆಮೇಲೆ ಗೋಡೆಗೆ ಒರಗಿದ ಸಾಲನ್ನು ಒಮ್ಮೆ ದಿಟ್ಟಿಸಿ ನೋಡಿ, ದೊಡ್ಡ ಸಿಸ್ಟರ ಧಾಟಿಯಲ್ಲೇ, ಕೆಳಗಿನವರ ಮಾತಿನಲ್ಲಿ ತಾನು ಹೊಸದಾಗಿ ಕಲಿತ ಒಂದೇ ಒಂದು ಪದವನ್ನು ಹೇಳಿದಳು.

"ಮುಂದಿನವರು!"